ದಾನಿ ಜಾನ್ ವೆಸ್ಲಿ

ಹಳೆಯ ಕನ್ನಡ ಪುಸ್ತಕಗಳನ್ನು ತಿರುವಿಹಾಕುವ ಅಭ್ಯಾಸವುಳ್ಳವರಿಗೆ ಮೈಸೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದ ಹೆಸರು ಅಪರಿಚಿತವಲ್ಲ. ಆದರೆ ಆ ಹೆಸರಿಗೆ ಮೂಲನಾದ ವ್ಯಕ್ತಿ ಯಾರೆಂದು ಕೇಳಿದರೆ ನಮ್ಮಲ್ಲಿ ಹೇಳಬಲ್ಲವರು ವಿರಳ. ಮೆಥಡಿಸ್ಟ್ ಪಂಥದ ಮೂಲಪುರುಷ, ಊರೂರು ಸುತ್ತಿ ಬಯಲಿನಲ್ಲಿ ನಿಂತು ಉಪದೇಶಿಸಿದ ವಾಗ್ಮಿ ಎಂದಿಷ್ಟು ಹೇಳಿ ಚರಿತ್ರೆಯ ಪಠ್ಯಗಳು ಮುಂದೆ ಸಾಗುತ್ತವೆ. ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದುದು ಅವನ ಜಮಾಖರ್ಚಿನ ಲೆಕ್ಕ. ಒಬ್ಬನ ಧರ್ಮಶ್ರದ್ಧೆ ಎಷ್ಟು ಆಳವೆಂಬುದು ಅವನ ಹಣದ ಚೀಲದಿಂದ ತಿಳಿಯುವಷ್ಟು ಅವನ ಮಾತಿನಿಂದ ತಿಳಿಯದೆಂದು ನಾನು ನಂಬಿದ್ದೇನೆ.

ಜಾನ್ ವೆಸ್ಲಿ ಹುಟ್ಟಿದುದು 1703ರಲ್ಲಿ, ಇಂಗ್ಲೆಂಡಿನ ಲಿಂಕನ್‌ಷೈರಿನ ಎಪ್‌ವರ್ತ್ ಎಂಬ ಊರಿನಲ್ಲಿ. ತಂದೆ ಸ್ಯಾಮ್ಯುಯೆಲ್ ಆ ಊರಿನ ಪಾದ್ರಿ, ತಾಯಿ ಸುಸಾನ. ಹತ್ತೊಂಬತ್ತು ಮಕ್ಕಳನ್ನು ಹೆತ್ತ ಆ ತಾಯಿಗೆ ಇವನು ಹದಿನೈದನೆಯವನು. ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ, ಸಾಲಕ್ಕೂ ಕೊರತೆಯಿರಲಿಲ್ಲ. 1705ರಲ್ಲಿ ಮೂವತ್ತು ಪೌಂಡಿಗಿಂತ ಕಡಿಮೆಯಾದ ಒಂದು ಸಾಲಕ್ಕಾಗಿ ತಂದೆ ಲಿಂಕನ್ ಕೋಟೆಯ ಸೆರೆಮನೆಯನ್ನು ಕಾಣಬೇಕಾಯಿತು. ಹೀಗೆ ಬಡತನವೆಂಬುದು ವೆಸ್ಲಿಗೆ ಹೊರಗಿನವರಿಂದ ಕೇಳಿ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ.

1726ರಲ್ಲಿ ಆಕ್ಸ್‌ಫರ್ಡಿನ ಲಿಂಕನ್ ಕಾಲೇಜಿನಲ್ಲಿ ಅವನಿಗೆ ಫೆಲೋ ಪದವಿ ದೊರೆಯಿತು. ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರೊಡನೆ ಸೇರಿ ಅವನು ಸೆರೆಯಾಳುಗಳನ್ನು ಕಂಡು ಬರುವುದು, ಬಡ ಮಕ್ಕಳಿಗೆ ಓದು ಕಲಿಸುವುದು ಮೊದಲಾದ ಕೆಲಸಗಳನ್ನು ಕೈಗೊಂಡನು. ಆ ದಿನಗಳ ಒಂದು ಸಂಗತಿಯನ್ನು ಅವನೇ ಮುಂದೆ ಉಪದೇಶವೊಂದರಲ್ಲಿ ಹೇಳಿಕೊಂಡಿದ್ದಾನೆ. ಕೊರೆಯುವ ಚಳಿಗಾಲದಲ್ಲಿ, ಅವರು ಓದಿಸುತ್ತಿದ್ದ ಹುಡುಗಿಯೊಬ್ಬಳು ತೆಳುವಾದ ನಾರುಬಟ್ಟೆಯನ್ನು ತೊಟ್ಟು ಅವನಲ್ಲಿಗೆ ಬಂದಳು. ಅವಳಿಗಿದ್ದ ಬಟ್ಟೆ ಅದೊಂದೇ. ಏನಾದರೂ ಕೊಡೋಣವೆಂದು ಅವನು ಜೇಬಿಗೆ ಕೈಹಾಕಿದರೆ ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಕೋಣೆಯ ಗೋಡೆಯನ್ನು ಅಲಂಕರಿಸಲು ಚಿತ್ರಪಟಗಳನ್ನು ಕೊಂಡು ಆಗಷ್ಟೇ ಹಣ ತೆತ್ತಿದ್ದನು. ಆ ಚಿತ್ರಗಳು ಈ ಬಡ ಹುಡುಗಿಯ ರಕ್ತವೇ ಅಲ್ಲವೆ ಎಂದು ಅವನ ಅಂತಃಕರಣ ಅವನನ್ನು ಚುಚ್ಚಿತು.

ಆಕ್ಸ್‌ಫರ್ಡಿನ ಆ ಗೆಳೆಯರ ಗುಂಪಿನಲ್ಲಿದ್ದ ಒಬ್ಬನ ಲೆಕ್ಕವನ್ನೂ ವೆಸ್ಲಿ ಹೇಳುತ್ತಾನೆ. ಮೊದಲ ವರ್ಷ ಅವನಿಗೆ ಬಂದುದು 30 ಪೌಂಡು. 28ರಲ್ಲಿ ಜೀವನ ನಡೆಸಿ 2 ಪೌಂಡನ್ನು ದಾನಮಾಡಿದನು. ಮರುವರ್ಷ 60 ಬಂದಿತು. ಖರ್ಚು ಅದೇ 28, ದಾನ 32. ಮೂರನೆಯ ವರ್ಷ 90 ಬಂದಾಗ ದಾನ 62. ನಾಲ್ಕನೆಯ ವರ್ಷ 120 ಬಂದಾಗ ದಾನ 92. ಆ ಒಬ್ಬನು ವೆಸ್ಲಿಯೇ ಎಂಬುದು ಅವನ ಚರಿತ್ರಕಾರರ ಸಾಮಾನ್ಯ ಅಭಿಪ್ರಾಯ. ವರಮಾನ ಏರಿದಂತೆ ನಮ್ಮ ಅಗತ್ಯಗಳೂ ಏರುವುದು ಲೋಕಾರೂಢಿ. ಇಲ್ಲಿ ಏರಿದುದು ದಾನವೊಂದೇ.

ಈ ನಡತೆಗೆ ಆಧಾರವಾಗಿದ್ದುದು ಅವನ ಕ್ರೈಸ್ತ ಶ್ರದ್ಧೆ. ಹಣವೆಲ್ಲ ದೇವರದು, ಮನುಷ್ಯನು ಅದರ ಪಾರುಪತ್ಯಗಾರ ಮಾತ್ರ, ಲೆಕ್ಕ ಒಪ್ಪಿಸುವ ದಿನವೊಂದಿದೆ ಎಂದು ಅವನು ನಂಬಿದ್ದನು. ಆದುದರಿಂದ ದುಡಿದು ಗಳಿಸಬೇಕು, ದುಂದು ಮಾಡದೆ ಉಳಿಸಬೇಕು, ಉಳಿದುದನ್ನು ಕೊಡಬೇಕು ಎಂಬ ಮೂರು ಸೂತ್ರಗಳನ್ನು ಬೋಧಿಸಿದನು. ನೆರೆಯವನ ದೇಹಕ್ಕೋ ಆತ್ಮಕ್ಕೋ ಕೇಡು ತರುವ ಸಂಪಾದನೆಯನ್ನು, ಮುಖ್ಯವಾಗಿ ಹೆಂಡದ ವ್ಯಾಪಾರವನ್ನು, ಅವನು ಒಪ್ಪಲಿಲ್ಲ.

1739ರಲ್ಲಿ ಬ್ರಿಸ್ಟಲಿನಲ್ಲಿ ಬಯಲು ಉಪದೇಶವನ್ನಾರಂಭಿಸಿದ ಮೇಲೆ ಅವನ ದಾನಕ್ಕೆ ಒಂದು ವ್ಯವಸ್ಥೆ ಬಂದಿತು. ಲಂಡನ್ನಿನ ಫೌಂಡರಿ ಎಂಬ ಪಾಳು ಕಟ್ಟಡವನ್ನು ಕೊಂಡು ದುರಸ್ತಿ ಮಾಡಿಸಿ ಕೇಂದ್ರವನ್ನಾಗಿ ಮಾಡಿಕೊಂಡನು. 1746ರಲ್ಲಿ ಬಡವರಿಗೆ ಉಚಿತವಾಗಿ ಔಷಧ ಕೊಡುವ ಏರ್ಪಾಟಾಯಿತು. ಅದೇ ಕಾಲದಲ್ಲಿ ಬಡ ಕಸುಬುದಾರರಿಗಾಗಿ ಸಾಲದ ನಿಧಿಯೂ ಹುಟ್ಟಿತು. ಮೊದಮೊದಲು ಅದರಿಂದ ಇಪ್ಪತ್ತು ಷಿಲ್ಲಿಂಗಿನವರೆಗೆ ಕೊಡುತ್ತಿದ್ದರು. ಮೂರು ತಿಂಗಳಲ್ಲಿ ತೀರಿಸಬೇಕಾಗಿತ್ತು. 1775ರಲ್ಲಿ ಜೇಮ್ಸ್ ಲ್ಯಾಕಿಂಗ್ಟನ್ ಎಂಬ ಮೆಟ್ಟು ಹೊಲಿಯುವ ತರುಣನು ಈ ನಿಧಿಯಿಂದ 5 ಪೌಂಡು ಪಡೆದು ತನ್ನ ಪುಟ್ಟ ಪುಸ್ತಕದಂಗಡಿಯನ್ನು ಬೆಳೆಸಿ, ಕಡೆಗೆ ಲಂಡನ್ನಿನ ಅತಿ ದೊಡ್ಡ ಪುಸ್ತಕ ವ್ಯಾಪಾರಿಗಳಲ್ಲೊಬ್ಬನಾದನು.

ವೆಸ್ಲಿಗೆ ಅಗ್ಗದ ಬೆಲೆಯ ತನ್ನ ಪುಸ್ತಕಗಳಿಂದಲೇ ಬಹಳ ಹಣ ಬರುತ್ತಿತ್ತು. 1776ರಲ್ಲಿ, ತೆರಿಗೆಯ ಅಧಿಕಾರಿಗಳು ಅವನ ಬಳಿ ಬೆಳ್ಳಿಯ ಪಾತ್ರೆಗಳಿರಬೇಕೆಂದು ಶಂಕಿಸಿ ಲೆಕ್ಕ ಕೇಳಿದರು. ಲಂಡನ್ನಿನಲ್ಲಿ ಎರಡು, ಬ್ರಿಸ್ಟಲಿನಲ್ಲಿ ಎರಡು ಬೆಳ್ಳಿ ಚಮಚಗಳಿವೆ, ಸುತ್ತಲಿನವರು ಅನ್ನಕ್ಕಾಗಿ ಬಾಯ್ಬಿಡುತ್ತಿರುವಾಗ ಇನ್ನಷ್ಟು ಕೊಳ್ಳಲಾರೆ ಎಂಬುದು ಅವನು ಕೊಟ್ಟ ಉತ್ತರದ ತಾತ್ಪರ್ಯ.

ಕೊಡಲು ಕೈಯಲ್ಲಿಲ್ಲದಾಗ ಅವನು ಬೇಡಲೂ ಹಿಂಜರಿಯಲಿಲ್ಲ. 1785ರ ಜನವರಿಯಲ್ಲಿ ಬಡವರ ಬಟ್ಟೆಗೆ 200 ಪೌಂಡು ಬೇಕಾಯಿತು. ಎಂಬತ್ತೊಂದು ವರ್ಷದ ಮುದುಕ ಕರಗುತ್ತಿದ್ದ ಮಂಜಿನಲ್ಲಿ, ಪಾದ ಮುಳುಗುವ ಕೆಸರಿನಲ್ಲಿ, ದಿನಗಟ್ಟಲೆ ಬೀದಿ ಬೀದಿ ತಿರುಗಿ ಹಣ ಕೂಡಿಸಿ, ಕಾಯಿಲೆ ಬಿದ್ದನು.

ವೆಸ್ಲಿ ದೋಷರಹಿತನೆಂದು ನಾನು ಹೇಳಲಾರೆ. ಅವನ ದಾಂಪತ್ಯ ಸುಖಕರವಾಗಿರಲಿಲ್ಲ. ಅವನ ಕಿಂಗ್ಸ್‌ವುಡ್ ಶಾಲೆಯಲ್ಲಿ ಮಕ್ಕಳಿಗೆ ಆಟವೇ ನಿಷಿದ್ಧವಾಗಿತ್ತು! ಆದರೆ ಅವನ ಮುಪ್ಪಿನ ದೊಡ್ಡ ದುಃಖ ಬೇರೆಯದು. ಶ್ರಮ, ಮಿತವ್ಯಯಗಳನ್ನು ಅವನಿಂದ ಕಲಿತ ಅನುಯಾಯಿಗಳು ಸಿರಿವಂತರಾದರು. ಸಿರಿ ಬಂದ ಮೇಲೆ ಮೂರನೆಯ ಸೂತ್ರವನ್ನು ಮರೆತರು. 1789ರಲ್ಲಿ ಈ ವಿಷಯವನ್ನೆತ್ತಿ ಬಹಳ ನೊಂದು ಉಪದೇಶಿಸಿದನು. ಮೊದಲೆರಡು ಸೂತ್ರಗಳನ್ನು ಮಾತ್ರ ಪಾಲಿಸುವವನು ಹಿಂದಿಗಿಂತ ಹೆಚ್ಚು ಕೆಡುತ್ತಾನೆಂಬುದು ಅವನ ಎಚ್ಚರಿಕೆ. ಅದು ಅವನ ಮತದವರಿಗಷ್ಟೇ ಹೇಳಿದ ಮಾತೆಂದು ನನಗೆ ತೋರುವುದಿಲ್ಲ. ನಾಳೆ ಪದವಿ ಪಡೆದು ಸಂಬಳ ಎಣಿಸಲಿರುವ ನಾವು ನಮ್ಮ ಅಗತ್ಯಕ್ಕೊಂದು ಗೆರೆ ಎಳೆದುಕೊಳ್ಳುವೆವೋ, ಇಲ್ಲ ಸಂಬಳ ಏರಿದಂತೆ ಗೆರೆಯನ್ನೂ ಮುಂದಕ್ಕೆ ಒಯ್ಯುವೆವೋ?

1790ರಲ್ಲಿ ನಡುಗುವ ಕೈಯಿಂದ ವೆಸ್ಲಿ ತನ್ನ ಲೆಕ್ಕದ ಪುಸ್ತಕವನ್ನು ಮುಗಿಸಿದನು. 1791ರ ಮಾರ್ಚ್ 2ರಂದು ಲಂಡನ್ನಿನಲ್ಲಿ ತೀರಿಕೊಂಡನು. ಶವಯಾತ್ರೆಗೆ ಗಾಡಿ, ಆಡಂಬರಗಳು ಬೇಡವೆಂದೂ, ಆರು ಮಂದಿ ಬಡವರು ತನ್ನನ್ನು ಹೊತ್ತು ಒಯ್ದು ತಲಾ ಒಂದು ಪೌಂಡನ್ನು ಪಡೆಯಬೇಕೆಂದೂ ಮರಣಶಾಸನದಲ್ಲಿ ಬರೆದಿಟ್ಟಿದ್ದನು.