ಅರಸು ತೂಗಿದ ಲಾಭ

ಈಗ್ಲೇ ಸಿಗೋ ಚಿಕ್ಕ ಲಾಭವೋ, ಕಾದರೆ ಸಿಗೋ ದೊಡ್ಡದೋ ಅಂತ ತೂಗುವುದು ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಕೆಲಸ. ಅದರ ಬಗ್ಗೆ ಓದಿದಾಗೆಲ್ಲ ನನಗೆ ದೇವರಾಜ ಅರಸು ನೆನಪಾಗ್ತಾರೆ. ಅವರ ತಕ್ಕಡಿಯಲ್ಲಿದ್ದ ದೊಡ್ಡ ಲಾಭ ಬೇರೆಯವರದ್ದು.

1915ರಲ್ಲಿ ಹುಟ್ಟಿದ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಬಿ.ಎಸ್ಸಿ. ಓದಿ, ಊರಿಗೆ ಮರಳಿ ಬೇಸಾಯಕ್ಕಿಳಿದರು. 1972ರಲ್ಲಿ ಮುಖ್ಯಮಂತ್ರಿಯಾದರು. ಜಮೀನ್ದಾರರನ್ನು ಒಲಿಸಿಕೊಂಡಿದ್ದರೆ ಕುರ್ಚಿ ಹಾಯಾಗಿರ್ತಿತ್ತು. 1974ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದಿ, ಗೇಣಿದಾರರಿಗೆ ಅವರು ಉಳುತ್ತಿದ್ದ ಜಮೀನಿನ ಒಡೆತನದ ದಾರಿ ತೆರೆದರು. (ತುರ್ತುಪರಿಸ್ಥಿತಿಯಲ್ಲಿ ಇಂದಿರಾ ಜೊತೆಗೇ ನಿಂತಿದ್ದರು, ಅದನ್ನೂ ಹೇಳಲೇಬೇಕು.) 1979ರಲ್ಲಿ ಆಕೆಯಿಂದ ಬೇರಾದರು. 1980ರ ಲೋಕಸಭೆ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಕರ್ನಾಟಕದಲ್ಲಿ ಒಂದು ಸೀಟೂ ಬರಲಿಲ್ಲ, ಕುರ್ಚಿಯೂ ಹೋಯ್ತು. 1982ರಲ್ಲಿ ತೀರಿಕೊಂಡರು. ಪಹಣಿಯಲ್ಲಿ ಗೇಣಿದಾರರ ಹೆಸರು ಮಾತ್ರ ಉಳಿಯಿತು.