ಹೂಗ್ಲಿ ದಡದ ವಿದ್ಯಾಲಯ

ಕಲ್ಕತ್ತೆಗೆ ಅನತಿದೂರದಲ್ಲಿ, ಹೂಗ್ಲಿ ನದಿಯ ಪಶ್ಚಿಮ ದಡದ ಮೇಲೆ, ಸೆರಾಂಪುರವೆಂಬ ಪಟ್ಟಣವಿದೆ. 1845ರವರೆಗೆ ಅದು ಡೆನ್ಮಾರ್ಕಿನ ದೊರೆಗೆ ಸೇರಿದ ವಸಾಹತಾಗಿತ್ತು. ಅಲ್ಲಿ ನದಿಗೆ ಮುಖಮಾಡಿ, ಉನ್ನತವಾದ ಕಂಬಗಳಿಂದ ಕೂಡಿದ ಭವ್ಯ ಕಟ್ಟಡವೊಂದು ನಿಂತಿದೆ. ಅದು ಸೆರಾಂಪುರ ಕಾಲೇಜು. ಅದನ್ನು ಸ್ಥಾಪಿಸಿದವರಲ್ಲಿ ಅಗ್ರಗಣ್ಯರಾದ ವಿಲಿಯಂ ಕೇರಿಯವರು ತಮ್ಮ ಜೀವಮಾನದಲ್ಲಿ ಯಾವ ಕಾಲೇಜಿನಲ್ಲಿಯೂ ವಿದ್ಯಾರ್ಥಿಯಾಗಿ ಕುಳಿತವರಲ್ಲ.

ಕೇರಿಯವರು 1761ರ ಆಗಸ್ಟ್ 17ರಂದು ಇಂಗ್ಲೆಂಡಿನ ನಾರ್ತಾಂಪ್ಟನ್ ಪ್ರಾಂತದ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ನೇಕಾರರು; ಮುಂದೆ ಹಳ್ಳಿಯ ಶಾಲೆಯ ಉಪಾಧ್ಯಾಯರಾದರು. ಬಾಲಕ ವಿಲಿಯಂನಿಗೆ ಗಿಡಮರಗಳ, ಹುಳುಹುಪ್ಪಟೆಗಳ ಹುಚ್ಚು. ಹದಿನಾಲ್ಕರ ಸುಮಾರಿಗೆ ಅವನನ್ನು ಪಾದರಕ್ಷೆ ಹೊಲಿಯುವವನೊಬ್ಬನ ಬಳಿ ಕೆಲಸ ಕಲಿಯಲು ಬಿಟ್ಟರು. ಯಜಮಾನನ ಮನೆಯಲ್ಲಿದ್ದ ಪುಸ್ತಕವೊಂದರಲ್ಲಿ ಗ್ರೀಕ್ ಅಕ್ಷರಗಳು ಕಂಡವು. ಅವು ಏನೆಂದು ತಿಳಿಯದೆ ಅವನಿಗೆ ನೆಮ್ಮದಿಯಿಲ್ಲ. ಹೀಗೆ ಹತ್ತಿದ ಭಾಷೆಗಳ ಗೀಳು ಕೊನೆಯವರೆಗೂ ಬಿಡಲಿಲ್ಲ. ಚರ್ಮದ ಕೆಲಸ ಮಾಡುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ, ಡಚ್, ಫ್ರೆಂಚ್ ಭಾಷೆಗಳನ್ನು ಅವರು ಸಂಪಾದಿಸಿಕೊಂಡರು.

1783ರಲ್ಲಿ ಅವರು ಬ್ಯಾಪ್ಟಿಸ್ಟ್ ಪಂಥವನ್ನು ಸೇರಿದರು. ತಿಳಿವಳಿಕೆ ಬಂದ ಮೇಲೆ ಸ್ವಇಚ್ಛೆಯಿಂದ ದೀಕ್ಷಾಸ್ನಾನ ಪಡೆಯಬೇಕೆಂಬುದು ಈ ಪಂಥದವರ ನಂಬಿಕೆ. ಇಂಗ್ಲೆಂಡಿನ ರಾಜಮಾನ್ಯ ಚರ್ಚಿಗೆ ಸೇರದ ಇಂತಹವರಿಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಆಗ ಪ್ರವೇಶವೇ ಇರಲಿಲ್ಲ. ಕೇಂಬ್ರಿಜ್ ಪದವಿಯನ್ನು ಕೊಡುತ್ತಿರಲಿಲ್ಲ. ಬಡತನವೊಂದೇ ಅಲ್ಲ, ಮತವೂ ಕೇರಿಯವರ ಪಾಲಿಗೆ ಬಾಗಿಲು ಮುಚ್ಚಿತ್ತು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಅವರ ಮುಂದಿನ ಕಾರ್ಯದ ಅರ್ಥ ತಿಳಿಯುತ್ತದೆ.

ಮತಪ್ರಚಾರದ ಉದ್ದೇಶದಿಂದ 1793ರಲ್ಲಿ ಡೆನ್ಮಾರ್ಕಿನ ಹಡಗೊಂದನ್ನೇರಿ ಅವರು ಸಂಸಾರಸಮೇತ ಬಂಗಾಳಕ್ಕೆ ಬಂದರು. ಮೊದಲ ವರ್ಷಗಳು ಕಷ್ಟದವು. ನೀಲಿ ತಯಾರಿಸುವ ಕಾರ್ಖಾನೆಯೊಂದರ ಮೇಲ್ವಿಚಾರಣೆಯಿಂದ ಜೀವನ ಸಾಗುತ್ತಿತ್ತು. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಮನಸ್ಸಿಲ್ಲದ ಮನಸ್ಸಿನಿಂದ ಹಡಗು ಹತ್ತಿದ್ದ ಪತ್ನಿ ಡೊರತಿ ಬುದ್ಧಿಭ್ರಮಣೆಗೆ ಒಳಗಾಗಿ, 1807ರಲ್ಲಿ ಸಾಯುವವರೆಗೂ ಚೇತರಿಸಿಕೊಳ್ಳಲಿಲ್ಲ. ಪತಿಯ ಸಾಧನೆಯ ಬೆಲೆಯಲ್ಲಿ ದೊಡ್ಡ ಪಾಲನ್ನು ತೆತ್ತವಳು ಆ ಸಾಧ್ವಿ.

ಇಂಗ್ಲಿಷ್ ಕಂಪನಿಗೆ ಮಿಷನರಿಗಳು ಬೇಡವಾಗಿದ್ದುದರಿಂದ 1800ರ ಜನವರಿಯಲ್ಲಿ ಕೇರಿಯವರು ಡೇನರ ಆಶ್ರಯದ ಸೆರಾಂಪುರಕ್ಕೆ ಬಂದು ನೆಲೆಸಿದರು. ಅಲ್ಲಿ ಮುದ್ರಕ ವಿಲಿಯಂ ವಾರ್ಡ್, ಉಪಾಧ್ಯಾಯ ಜೋಶುವಾ ಮಾರ್ಷ್‌ಮನ್ ಜೊತೆಗೂಡಿದರು. ಮೂವರ ಸಂಪಾದನೆಯೂ ಒಂದೇ ಬೊಕ್ಕಸಕ್ಕೆ ಸೇರುತ್ತಿತ್ತು. 1801ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿಯನ್ನು, ಮುಂದೆ ಸಂಸ್ಕೃತ ಮತ್ತು ಮರಾಠಿಯನ್ನು ಬೋಧಿಸುವ ಕೆಲಸ ಕೇರಿಯವರಿಗೆ ದೊರೆಯಿತು. ಆ ಸಂಬಳದ ಬಹುಭಾಗವೂ ಬೊಕ್ಕಸಕ್ಕೇ ಹೋಯಿತು. 1807ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಅದನ್ನು ಸ್ಥಾಪಿಸಿದವರೂ ಬ್ಯಾಪ್ಟಿಸ್ಟರೇ.

ಸೆರಾಂಪುರದ ಮುದ್ರಣಾಲಯವು ಅನೇಕ ಭಾರತೀಯ ಲಿಪಿಗಳ ಅಚ್ಚಿನ ಮೊಳೆಗಳನ್ನು ಎರಕ ಹೊಯ್ಯಿಸಿತು. ಪಂಚಾನನ ಕರ್ಮಕಾರನೆಂಬ ಕುಶಲಿ ಈ ಕಾರ್ಯಕ್ಕೆ ಬುನಾದಿ ಹಾಕಿದ. 1812ರ ಮಾರ್ಚ್ 11ರ ರಾತ್ರಿ ಬೆಂಕಿ ಬಿದ್ದು ಮೊಳೆಗಳು ಕರಗಿದವು. ಕಾಗದ, ವ್ಯಾಕರಣ ನಿಘಂಟುಗಳ ಹಸ್ತಪ್ರತಿಗಳು ಬೂದಿಯಾದವು. ಬೂದಿಯನ್ನು ಕೆದಕಿದಾಗ ಮೊಳೆಗಳನ್ನು ಎರಕ ಹೊಯ್ಯುವ ಅಚ್ಚುಗಳು ಕೆಡದೆ ಸಿಕ್ಕಿದವು. ಕೇರಿಯವರು ಬರೆವಣಿಗೆಯನ್ನು ಮೊದಲಿನಿಂದ ಆರಂಭಿಸಿದರು. 1817ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂದಿತು. ಇಂಗ್ಲಿಷಿನಲ್ಲಿ ವಿವರಣೆಯಿರುವ ಈ ಗ್ರಂಥವು ಕನ್ನಡ ಲಿಪಿ ಅಚ್ಚು ಕಂಡ ಮೊಟ್ಟಮೊದಲ ಪುಸ್ತಕಗಳಲ್ಲೊಂದು. ಅವಸರದಲ್ಲಿ ಮಾಡಿದ ಅವರ ಅನುವಾದಗಳಲ್ಲಿ ದೋಷಗಳು ಹೇರಳವಾಗಿದ್ದುವೆಂಬುದನ್ನೂ ಹೇಳಬೇಕು.

1818ರಲ್ಲಿ ಕಾಲೇಜು 37 ವಿದ್ಯಾರ್ಥಿಗಳೊಡನೆ ಪ್ರಾರಂಭವಾಯಿತು. ಕ್ರೈಸ್ತರೊಡನೆ ಹಿಂದೂ ಬಾಲಕರೂ ಅವರಲ್ಲಿದ್ದರು. ಜಾತಿ, ಬಣ್ಣ, ದೇಶ ಇವುಗಳಲ್ಲಿ ಯಾವುದೂ ಪ್ರವೇಶಕ್ಕೆ ಅಡ್ಡಿಯಾಗಬಾರದೆಂದು ಮುಂದೆ ನಿಬಂಧನೆಯಲ್ಲಿಯೇ ಬರೆದರು. ಕ್ರೈಸ್ತ ಬೋಧಕರನ್ನು ಸಿದ್ಧಗೊಳಿಸುವುದು ಸಂಸ್ಥೆಯ ಗುರಿಗಳಲ್ಲಿ ಮುಖ್ಯವಾದುದು. ಆದರೆ ಪಾಠಗಳು ಅಷ್ಟಕ್ಕೇ ನಿಲ್ಲಲಿಲ್ಲ. ಸಂಸ್ಕೃತ, ಅರಬ್ಬಿ, ಭೂಗೋಳ, ಖಗೋಳ, ಸಸ್ಯಶಾಸ್ತ್ರ, ರಸಾಯನಶಾಸ್ತ್ರಗಳಿಗೂ ಅಲ್ಲಿ ಸ್ಥಾನವಿತ್ತು. ಕಲಿಯುವವನಿಗೆ ಅವನ ನುಡಿಯಲ್ಲಿಯೇ ವಿಜ್ಞಾನವನ್ನು ತಿಳಿಸಬೇಕೆಂಬುದು ಕೇರಿಯವರ ಹಟ. ನದಿಯಾಚೆ ಕಲ್ಕತ್ತೆಯಲ್ಲಿ ಇಂಗ್ಲಿಷಿಗೆ ಜನ ಮುಗಿಬೀಳುತ್ತಿದ್ದ ಕಾಲದಲ್ಲಿ ಈ ಹಟ ಸುಲಭದ್ದಾಗಿರಲಿಲ್ಲ. ಉಪಾಧ್ಯಾಯ ಜಾನ್ ಮ್ಯಾಕ್ 1834ರಲ್ಲಿ ರಸಾಯನಶಾಸ್ತ್ರದ ಪುಸ್ತಕವನ್ನು ಬಂಗಾಳಿಯಲ್ಲಿ ಹೊರತಂದುದು ಇದರ ಫಲ. ಕೇರಿಯವರ ಸಸ್ಯೋದ್ಯಾನವೂ ಒಂದು ಪಾಠಶಾಲೆಯೇ ಆಗಿತ್ತು. ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಕೇರಿಯ ಎಂಬ ಮರಕ್ಕೆ ಅವರ ಹೆಸರೇ ಸಂದಿದೆ.

1827ರ ಫೆಬ್ರವರಿ 23ರಂದು ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡರಿಕ್ ಈ ಕಾಲೇಜಿಗೆ ಪದವಿ ನೀಡುವ ಅಧಿಕಾರವನ್ನು ಸನ್ನದಿನ ಮೂಲಕ ದಯಪಾಲಿಸಿದನು. ಕಲ್ಕತ್ತೆಯ ವಿಶ್ವವಿದ್ಯಾನಿಲಯ ಹುಟ್ಟುವುದಕ್ಕೆ ಇನ್ನೂ 30 ವರ್ಷಗಳಿದ್ದವು.

ಅಧಿಕಾರ ಬಂದಿತು, ಹಣ ಬರಲಿಲ್ಲ. ಕಲ್ಕತ್ತೆಯ ದೊಡ್ಡ ವ್ಯಾಪಾರ ಸಂಸ್ಥೆಗಳು 1830ರಿಂದ ಒಂದೊಂದಾಗಿ ದಿವಾಳಿಯೆದ್ದು ಮಿಷನ್ನಿನ ನಿಧಿಗಳು ಮುಳುಗಿದವು; ಕೇರಿಯವರ ಸಂಬಳವೂ ಕಡಿತವಾಯಿತು. 1831ರ ಚಂಡಮಾರುತದಲ್ಲಿ ತೋಟ ಹಾಳಾಯಿತು. 1834ರ ಜೂನ್ 9ರಂದು ಅವರು ಸೆರಾಂಪುರದಲ್ಲಿಯೇ ಕೊನೆಯುಸಿರೆಳೆದರು. ತಾವು ಕೂಡಿಸಿದ್ದ ಚಿಪ್ಪು, ಹವಳ, ಖನಿಜಗಳ ಸಂಗ್ರಹವನ್ನು ಕಾಲೇಜಿಗೆ ಬರೆದಿಟ್ಟಿದ್ದರು. ಹಂಚಿಕೊಳ್ಳುವಂತಹ ಆಸ್ತಿ ಬೇರೆ ಹೆಚ್ಚೇನೂ ಇರಲಿಲ್ಲ.

1845ರಲ್ಲಿ ಡೇನರು ಊರನ್ನು ಇಂಗ್ಲಿಷರಿಗೆ ಮಾರಿದಾಗಲೂ ಸನ್ನದು ಊರ್ಜಿತವಾಗಿ ಉಳಿಯಿತು. ಅದರ ಆಧಾರದ ಮೇಲೆ ಮೊದಲ ಪದವಿಗಳನ್ನು ಕೊಟ್ಟದ್ದು 1915ರಲ್ಲಿ. ಬೆಂಗಳೂರು, ಮಂಗಳೂರುಗಳ ದೇವಶಾಸ್ತ್ರ ಕಾಲೇಜುಗಳ ವಿದ್ಯಾರ್ಥಿಗಳು ಪಡೆಯುವ ಪದವಿಪತ್ರಗಳ ಮೇಲೆ ಇಂದಿಗೂ ಸೆರಾಂಪುರದ ಹೆಸರಿರುತ್ತದೆ.