ಗೃಹಸ್ಥಶ್ರೇಷ್ಠ ಶ್ರೀ ಪುರಂದರದಾಸರು

ಪುಷ್ಯ ಬಹುಳ ಅಮಾವಾಸ್ಯೆಯು ಶ್ರೀ ಪುರಂದರದಾಸರ ಪುಣ್ಯದಿನ. ಅಂದು ಮಾಧ್ವಸಮಾಜವು ಆರಾಧನೆ, ಭಜನೆ, ಪ್ರವಚನಗಳಿಂದ ಆ ಮಹನೀಯರನ್ನು ಸ್ಮರಿಸುತ್ತದೆ. ಕುಮಟಾ ಹೊನ್ನಾವರಗಳ ನಡುವೆ, ಶ್ರೀ ಧಾರಾನಾಥನ ಸನ್ನಿಧಿಯಿಂದ ಪಾವನವಾದ ಧಾರೇಶ್ವರದ ಪರಿಸರದಲ್ಲಿ ಬಾಳುತ್ತಿರುವ ನಮಗೂ ಅದು ಪರ್ವದಿನವೇ. ದಾಸರ ವೈರಾಗ್ಯವನ್ನೂ ಸಂಗೀತ ವೈಭವವನ್ನೂ ಕುರಿತು ನಾವು ಅನೇಕ ಸಲ ಕೇಳಿದ್ದೇವೆ. ಅವರು ಪತಿಯಾಗಿ, ತಂದೆಯಾಗಿ, ವಂಶದ ಹಿರಿಯರಾಗಿ ಬಾಳಿದ ಬಗೆಯನ್ನು ಚಿಂತಿಸಿದ್ದು ಕಡಿಮೆ. ಸಂಸಾರವೇ ಸಾಧನೆಗೆ ಅಡ್ಡಿಯೆಂದು ಕೊರಗುವ ನಮ್ಮಂತಹ ಗೃಹಸ್ಥರಿಗೆ ಆ ಬಾಳಿನಿಂದ ತಿಳಿಯಬೇಕಾದುದು ಬಹಳವಿದೆ.

ದಾಸರ ಪೂರ್ವನಾಮ ಶ್ರೀನಿವಾಸ ನಾಯಕ. ತಂದೆ ವರದಪ್ಪ ನಾಯಕರು. ಜನನ 1484ರಲ್ಲಿ ಎಂದು ಹಲವರ ಎಣಿಕೆ. ಜನ್ಮಸ್ಥಳ ಪುಣೆಯ ಸಮೀಪದ ಪುರಂದರಗಡವೆಂದು ಬಹುಕಾಲ ಪ್ರತೀತಿಯಿತ್ತು. ಕರ್ನಾಟಕ ಸರ್ಕಾರವು 2018ರಲ್ಲಿ ನೇಮಿಸಿದ ವಿದ್ವಾಂಸರ ಸಮಿತಿಯು ಮಲೆನಾಡಿನ, ಇಂದಿನ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸೀಮೆಯತ್ತ ಒಲವು ತೋರಿತು. ವಿಜಯನಗರದ ಅರಸರ ಕಾಲದಲ್ಲಿ ಆರಗವು ಒಂದು ಪ್ರಾಂತ್ಯದ ಕೇಂದ್ರವಾಗಿತ್ತು. ಮಲೆನಾಡಿನ ಮೆಣಸು ಘಟ್ಟವಿಳಿದು ಕರಾವಳಿಯ ಬಂದರುಗಳನ್ನು ಸೇರುತ್ತಿತ್ತು. ನಮ್ಮ ಭಟ್ಕಳ, ಹೊನ್ನಾವರಗಳಲ್ಲಿ ಇಳಿದ ಕುದುರೆಗಳು ರಾಜಧಾನಿಯತ್ತ ಘಟ್ಟವೇರುತ್ತಿದ್ದವು. ಅಂತಹ ಸಿರಿಯ ಕಾಲದಲ್ಲಿ ಶ್ರೀನಿವಾಸ ನಾಯಕರು ಚಿನ್ನ, ರತ್ನ, ಲೇವಾದೇವಿಗಳ ವ್ಯವಹಾರದಿಂದ ನವಕೋಟಿ ನಾರಾಯಣರೆಂದು ಹೆಸರಾದರು. ಆದರೆ ಕೈಯೆತ್ತಿ ಕೊಡುವ ಗುಣ ಅವರಲ್ಲಿರಲಿಲ್ಲ.

ಅವರ ಬಾಳನ್ನು ತಿರುಗಿಸಿದ ಮೂಗುತಿಯ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಮಗನ ಉಪನಯನಕ್ಕೆ ದ್ರವ್ಯ ಬೇಡುತ್ತ ಬಡ ಬ್ರಾಹ್ಮಣನೊಬ್ಬ ಬಹುದಿನ ಅಂಗಡಿಗೆ ಅಲೆದ. ಕೊನೆಗೆ ಆತ ಮನೆಯ ಬಾಗಿಲಿಗೆ ಬಂದಾಗ ಸಾಧ್ವಿ ಸರಸ್ವತೀಬಾಯಿ ತನ್ನ ತವರಿನ ಮೂಗುತಿಯನ್ನೇ ಬಿಚ್ಚಿ ಕೊಟ್ಟಳು. ಅದು ಮಾರಾಟಕ್ಕಾಗಿ ಪತಿಯ ಅಂಗಡಿಗೇ ಬಂತು. ಗುರುತು ಹಿಡಿದ ನಾಯಕರು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮನೆಗೆ ಬಂದು ಮೂಗುತಿಯೆಲ್ಲಿ ಎಂದು ಗದರಿಸಿದರು. ದಿಕ್ಕು ತೋಚದ ಆ ತಾಯಿ ವಿಷದ ಬಟ್ಟಲನ್ನು ಕೈಗೆತ್ತಿಕೊಂಡಾಗ ಮೂಗುತಿ ಅದರಲ್ಲೇ ಬಿದ್ದಿತ್ತು. ಅಂಗಡಿಯ ಪೆಟ್ಟಿಗೆ ಬರಿದಾಗಿತ್ತು. ಬಂದವನು ಸಾಕ್ಷಾತ್ ಶ್ರೀಹರಿಯೆಂದು ನಾಯಕರಿಗೆ ಅರಿವಾಯಿತು.

ಈ ಕಥೆಯಲ್ಲಿ ಭಗವಂತನ ಮಹಿಮೆಯೇ ಮುಖ್ಯ, ನಿಜ. ಆದರೂ ಒಂದು ಸಂಗತಿಯನ್ನು ನಾವು ಗಮನಿಸಬೇಕು. ತನ್ನ ಮನೆಯಲ್ಲೇ ಗೃಹಿಣಿಯೊಬ್ಬಳು ಪ್ರಾಣಬಿಡುವಷ್ಟು ಅಂಜಿ ಬದುಕುತ್ತಿದ್ದಳೆಂಬುದು ಅಂದು ಆ ಯಜಮಾನನಿಗೆ ತಿಳಿಯಿತು. ಕೋಟಿ ಗಳಿಸಿದವನು ಮನೆಯವರ ಮನಸ್ಸನ್ನು ಗಳಿಸಿರಲಿಲ್ಲ. ನಾಯಕರು ಐಶ್ವರ್ಯವನ್ನೆಲ್ಲ ದಾನಮಾಡಿದರು. ಹೆಂಡತಿ ಮಕ್ಕಳನ್ನು ಮಾತ್ರ ಬಿಡಲಿಲ್ಲ. ತನ್ನನ್ನು ಎಚ್ಚರಿಸಿದವಳು ಪತ್ನಿಯೇ ಎಂಬ ಕೃತಜ್ಞತೆಯನ್ನು ಅವರು ಕೊನೆಯವರೆಗೂ ಹಾಡಿ ಹೇಳಿದರು. ಸಂನ್ಯಾಸಾಶ್ರಮದ ಹಿರಿಮೆಯನ್ನು ಬಲ್ಲವರಾಗಿಯೂ ಅವರು ಆರಿಸಿಕೊಂಡದ್ದು ಗೃಹಸ್ಥಾಶ್ರಮದ ಹರಿದಾಸತ್ವ.

ಕುಟುಂಬವು ಕಾಡುದಾರಿಯಲ್ಲಿ ನಡೆಯುತ್ತಿದ್ದಾಗ ಸರಸ್ವತೀಬಾಯಿ ಕಳ್ಳರ ಭಯವೆಂದಳಂತೆ. ಎಲ್ಲವನ್ನೂ ಕೊಟ್ಟು ಬಂದವರಿಗೆ ಭಯವೇಕೆಂದು ವಿಚಾರಿಸಿದರೆ, ದಾರಿಯಲ್ಲಿ ನೀರು ಕುಡಿಯಲೆಂದು ಆಕೆ ಚಿನ್ನದ ಬಟ್ಟಲೊಂದನ್ನು ಮಡಿಲಲ್ಲಿ ತಂದಿದ್ದಳು. ದಾಸರು ಅದನ್ನು ತೆಗೆದು ಎಸೆದರು; ಆ ಭಯವೂ ಕಳೆಯಿತು. ಮಕ್ಕಳ ಬಾಯಾರಿಕೆಗೆಂದು ತಾಯಿ ಬಟ್ಟಲು ತಂದಿದ್ದರೆ ಅದರಲ್ಲಿ ತಪ್ಪೆಣಿಸಲು ನಮಗೆ ಮನಸ್ಸು ಬಾರದು. ಅದಿಲ್ಲದೆಯೂ ಬಾಳಬಹುದೆಂದು ತೋರಿಸುವುದು ಪತಿಯ ಹೊಣೆಯಾಗಿತ್ತು. ಮುಂದೆ ವಿಜಯನಗರದಲ್ಲಿ ಶ್ರೀ ವ್ಯಾಸರಾಯರಿಂದ ದೀಕ್ಷೆ ಪಡೆದು, ಪುರಂದರವಿಠಲ ಎಂಬ ಅಂಕಿತವನ್ನು ಹೊಂದಿ, ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು ಬೀದಿಬೀದಿಯಲ್ಲಿ ಹಾಡುತ್ತ, ದೊರೆತ ಮಧುಕರಿಯಿಂದ ಸಂಸಾರವನ್ನು ಪೋಷಿಸಿದರು. ಗುರುಗಳೇ ಶಿಷ್ಯನನ್ನು ಕೊಂಡಾಡಿ ಪದ ರಚಿಸುವಷ್ಟು ಎತ್ತರಕ್ಕೆ ಆ ದಾಸತ್ವ ಏರಿತು.

ಧನವನ್ನೆಲ್ಲ ಕೊಟ್ಟ ತಂದೆ ಮಕ್ಕಳ ಪಾಲಿಗೆ ಏನನ್ನು ಉಳಿಸಿದ? ಗೃಹಸ್ಥರಾದ ನಮ್ಮೆಲ್ಲರ ಮನಸ್ಸಿನಲ್ಲಿ ಏಳುವ ಪ್ರಶ್ನೆಯಿದು. ಇದಕ್ಕೆ ಒಂದು ಸಾಕ್ಷ್ಯವು ತಾಮ್ರದ ಹಾಳೆಯಲ್ಲೇ ಉಳಿದಿದೆ. ಕೃಷ್ಣದೇವರಾಯನು ವ್ಯಾಸರಾಯರಿಗೆ ಬೆಟ್ಟಕೊಂಡ ಗ್ರಾಮವನ್ನು ದಾನವಿತ್ತ 1526ರ ಕಮಲಾಪುರ ಶಾಸನದಲ್ಲಿ, ಆ ಭೂಮಿಯಲ್ಲಿ ಪಾಲು ಪಡೆದವರ ಸಾಲಿನಲ್ಲಿ ಲಕ್ಷ್ಮಣದಾಸ, ಹೇಬಣದಾಸ, ಮಧ್ವಪದಾಸ ಎಂಬ ಪುರಂದರದಾಸರ ಪುತ್ರರ ಹೆಸರುಗಳಿವೆ. ಶಿಷ್ಯನು ತನ್ನ ಮಕ್ಕಳಿಗೆಂದು ಕೂಡಿಡದಿದ್ದುದನ್ನು ಗುರುಗಳು ನೋಡಿಕೊಂಡರು. ಮೂವರ ಹೆಸರಿನ ಕೊನೆಗೂ ದಾಸ ಎಂಬ ಪದವಿರುವುದನ್ನು ಕಂಡಾಗ ನಮ್ಮ ಮನಸ್ಸು ತುಂಬಿ ಬರುತ್ತದೆ. ತಂದೆಯಿಂದ ಮಕ್ಕಳಿಗೆ ಬಂದ ಆಸ್ತಿ ಆ ಹೆಸರೇ. ಪುತ್ರರಲ್ಲೊಬ್ಬರು ಮಧ್ವಪತಿ ವಿಠಲ ಅಂಕಿತದಿಂದ ಪದಗಳನ್ನು ರಚಿಸಿದರೆಂದು ಸಂಪ್ರದಾಯವು ಹೇಳುತ್ತದೆ.

ದಾಸರನ್ನು ಕರ್ನಾಟಕ ಸಂಗೀತ ಪಿತಾಮಹರೆಂದು ಕರೆಯುವುದು ವಾಡಿಕೆ. ಪಿತಾಮಹನೆಂದರೆ ಅಜ್ಜ. ಈ ಅಜ್ಜ ಮೊಮ್ಮಕ್ಕಳನ್ನು ಮರೆಯಲಿಲ್ಲ. ಮೊದಲು ಸ್ವರ ಹಿಡಿಯುವ ಮಗುವಿಗೆ ಮಾಳವಗೌಳ ರಾಗದಲ್ಲಿ ಸರಳೆ, ಜಂಟಿ ವರಸೆಗಳನ್ನೂ, ಅಲಂಕಾರಗಳನ್ನೂ, ಪಿಳ್ಳಾರಿ ಗೀತೆಗಳನ್ನೂ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಕೊಟ್ಟ ಕೀರ್ತಿ ಅವರದು. ಮಹಾ ವಾಗ್ಗೇಯಕಾರರೊಬ್ಬರು ಎಳೆಯರ ಮೊದಲ ಪಾಠಕ್ಕಾಗಿ ಇಷ್ಟು ಶ್ರಮಿಸಿದುದು ವಾತ್ಸಲ್ಯವಲ್ಲದೆ ಮತ್ತೇನು? ತಮಿಳುನಾಡಿನಲ್ಲಿ ಬಾಳಿದ ಶ್ರೀ ತ್ಯಾಗರಾಜರು (1767–1847) ತಮ್ಮ ಪ್ರಹ್ಲಾದ ಭಕ್ತಿ ವಿಜಯದಲ್ಲಿ ದಾಸರಿಗೆ ವಂದನೆ ಸಲ್ಲಿಸಿದ್ದಾರೆ. ಶ್ರೀ ವಿಜಯದಾಸರು (1682–1755) ಸ್ವಪ್ನದಲ್ಲಿ ಅವರಿಂದಲೇ ಅಂಕಿತ ಪಡೆದರೆಂಬುದು ದಾಸಪರಂಪರೆಯ ಶ್ರದ್ಧೆ. ಅವರ ಶಿಷ್ಯರು ಗೋಪಾಲದಾಸರು, ಅವರ ಶಿಷ್ಯರು ಜಗನ್ನಾಥದಾಸರು. ವಂಶ ಹೀಗೂ ಬೆಳೆಯಿತು.

ದಾಸರು ರಚಿಸಿದ ಪದಗಳು 4,75,000 ಎಂದು ಪ್ರತೀತಿ. ಉಳಿದಿರುವುದು ಅದರಲ್ಲಿ ಬಹು ಅಲ್ಪಭಾಗ. 1850ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ದಾಸರ ಪದಗಳನ್ನು ಮುದ್ರಿಸಿದರು. ಅನಂತರ ಉಡುಪಿಯ ಪಾವಂಜೆ ಗುರುರಾಯರು ಅವುಗಳನ್ನು ಮನೆಮನೆಗೆ ತಲುಪಿಸಿದರು. ಅಲ್ಲಿಯವರೆಗೆ ಮುನ್ನೂರು ವರ್ಷ ಅವುಗಳನ್ನು ಕಾಪಾಡಿದವರಲ್ಲಿ ಭಜನೆಯ ಗೋಷ್ಠಿಗಳ ಜೊತೆಗೆ ಒರಳಿನ ಮುಂದೆ, ತೊಟ್ಟಿಲ ಬಳಿಯಲ್ಲಿ ಹಾಡಿದ ನಮ್ಮ ಅಜ್ಜಿಯರೂ ತಾಯಂದಿರೂ ಇದ್ದಾರೆ. ಮೂಗುತಿ ಕೊಟ್ಟ ಆ ಸಾಧ್ವಿಯ ಕುಲವೇ ಹಾಡುಗಳನ್ನೂ ಉಳಿಸಿತು.

ರಕ್ತಾಕ್ಷಿ ಸಂವತ್ಸರದಲ್ಲಿ, ರೂಢಿಯ ಎಣಿಕೆಯಂತೆ 1564ರಲ್ಲಿ, ದಾಸರು ಹರಿಪಾದ ಸೇರಿದರು. ಹಂಪೆಯ ವಿಠಲ ದೇವಾಲಯದ ಸಮೀಪ, ತುಂಗಭದ್ರೆಯ ದಡದಲ್ಲಿ ಪುರಂದರ ಮಂಟಪ ಇಂದಿಗೂ ನಿಂತಿದೆ. ಅಲ್ಲಿಗೆ ಹೋಗಲಾಗದವರು ಆರಾಧನೆಯ ಸಂಜೆ ದೇವರ ಮುಂದೆ ದೀಪ ಹಚ್ಚಿ, ಮಕ್ಕಳು ಮೊಮ್ಮಕ್ಕಳನ್ನು ಕೂರಿಸಿಕೊಂಡು ದಾಸರ ಒಂದು ಪದವನ್ನಾದರೂ ಹೇಳಿಕೊಡಬೇಕೆಂದು ನಾವು ಪ್ರಾರ್ಥಿಸುತ್ತೇವೆ. ನಾವು ಬಿಟ್ಟುಹೋಗುವ ಮನೆಮಾರು ಪಾಲಾಗಿ ಹಂಚಿಹೋದೀತು. ಕಲಿಸಿದ ಪದವು ಪ್ರತಿಯೊಬ್ಬರಿಗೂ ಪೂರ್ತಿಯಾಗಿ ದಕ್ಕುತ್ತದೆ.

ಶ್ರೀಕೃಷ್ಣಾರ್ಪಣಮಸ್ತು.